ಮಸಾಲೆಯೊಳಗೆ ಬಿಚ್ಚಿಕೊಳ್ಳುವ ಉಂಗುರ: ಎಥಿಲೀನ್ ಆಕ್ಸೈಡ್ ವಿವಾದದ ರಸಾಯನಶಾಸ್ತ್ರ

ಒಣಮೆಣಸಿನಕಾಯಿ ಪುಡಿಯ ಪರೀಕ್ಷಾ ವರದಿಯೊಂದರಲ್ಲಿ ಎರಡು ಸಾಲುಗಳಿವೆ ಎಂದುಕೊಳ್ಳಿ. ಮೊದಲನೆಯದು, ಮಸಾಲೆಯ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಅನಿಲವಾದ ಎಥಿಲೀನ್ ಆಕ್ಸೈಡ್: ಪತ್ತೆಯಾಗಿಲ್ಲ. ಎರಡನೆಯದು, 2-ಕ್ಲೋರೊಎಥನಾಲ್: ಕಿಲೋಗೆ 2 ಮಿಲಿಗ್ರಾಂ. ಈ ಪುಡಿ ಅಮೆರಿಕದ ಬಂದರಿನಲ್ಲಿ ಇಳಿದರೆ ಯಾರೂ ತಡೆಯುವುದಿಲ್ಲ. ಅದೇ ಪುಡಿ ಬೆಲ್ಜಿಯಂನಲ್ಲಿ ಇಳಿದರೆ, ಮಿತಿಗಿಂತ ಸುಮಾರು ಹನ್ನೊಂದು ಪಟ್ಟು ಎಥಿಲೀನ್ ಆಕ್ಸೈಡ್ ಇದೆ ಎಂದು ತಿರಸ್ಕೃತವಾಗುತ್ತದೆ. ‘ಪತ್ತೆಯೇ ಆಗದ ವಸ್ತು ಹನ್ನೊಂದು ಪಟ್ಟು ಹೆಚ್ಚಾಗುವುದು ಹೇಗೆ?’ ಎಂದು ರಫ್ತುದಾರರು ಕೇಳುತ್ತಾರೆ. ಉತ್ತರ ಇರುವುದು ಆ ಅಣುವಿನ ಆಕಾರದಲ್ಲಿ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರ ಎಂಡಿಎಚ್‌ನ ಮೂರು ಹಾಗೂ ಎವರೆಸ್ಟ್‌ನ ಒಂದು ಮಸಾಲೆ ಪುಡಿಯಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿದೆ ಎಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಸಿಂಗಪುರವೂ ಒಂದು ಉತ್ಪನ್ನವನ್ನು ಅಂಗಡಿಗಳಿಂದ ವಾಪಸ್ ಪಡೆಯಲು ಹೇಳಿತು. ಕಂಪನಿಗಳು ತಮ್ಮ ಉತ್ಪನ್ನ ಸುರಕ್ಷಿತ ಎಂದವು. ಇದು ಮೊದಲ ಸಲವೂ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಭಾರತದಿಂದ ಹೋದ ಎಳ್ಳಿನಲ್ಲಿ ಇದೇ ರಾಸಾಯನಿಕವನ್ನು ಬೆಲ್ಜಿಯಂ ಪತ್ತೆ ಮಾಡಿತ್ತು. ಆಗ ಯುರೋಪಿನಲ್ಲಿ ಬ್ರೆಡ್ಡು, ಬಿಸ್ಕತ್ತು ಸೇರಿ ಎಳ್ಳು ಹಾಕಿದ ನೂರಾರು ಬಗೆಯ ತಿನಿಸುಗಳು ಅಂಗಡಿಯಿಂದ ಹೊರಬಿದ್ದವು. ಮರುವರ್ಷ ಐಸ್‌ಕ್ರೀಮಿಗೆ ಹಾಕುವ ಲೋಕಸ್ಟ್ ಬೀನ್ ಅಂಟಿನ ಸರದಿ. ಆ ಎಲ್ಲ ಸುದ್ದಿಗಳಲ್ಲೂ ‘ಕ್ಯಾನ್ಸರ್‌ಕಾರಕ ಕೀಟನಾಶಕ’ ಎಂಬ ಒಂದೇ ಮಾತು ಕೇಳಿಬಂತು. ಆ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಅಷ್ಟನ್ನೇ ಹಿಡಿದುಕೊಂಡರೆ ತಪ್ಪು ಎಲ್ಲಿ ಆಗುತ್ತಿದೆ, ತಿದ್ದುವುದು ಎಲ್ಲಿಂದ ಎಂಬುದು ತಿಳಿಯುವುದಿಲ್ಲ.

ಮೂರು ಮೂಲೆಯ ಬಿಗುವು

ಎಥಿಲೀನ್ ಆಕ್ಸೈಡ್ ಎಂದರೆ ಎರಡು ಇಂಗಾಲದ ಪರಮಾಣು, ಒಂದು ಆಮ್ಲಜನಕದ ಪರಮಾಣು ಸೇರಿ ಆದ ತ್ರಿಕೋನ. ಆಮ್ಲಜನಕವಿರುವ ಉಂಗುರ ಸಂಯುಕ್ತಗಳಲ್ಲಿ ಇದಕ್ಕಿಂತ ಚಿಕ್ಕದು ಇರಲು ಸಾಧ್ಯವೇ ಇಲ್ಲ. ಇಂಗಾಲದ ನಾಲ್ಕು ಬಂಧಗಳು ಸಹಜವಾಗಿ ಸುಮಾರು 109 ಡಿಗ್ರಿ ಕೋನದಲ್ಲಿ ಚಾಚಿಕೊಳ್ಳುತ್ತವೆ. ಈ ತ್ರಿಕೋನದೊಳಗೆ ಅವು 60 ಡಿಗ್ರಿಯ ಆಸುಪಾಸಿಗೆ ಬಗ್ಗಬೇಕು. ಬಗ್ಗಿಸಿದ ಬಿದಿರಿನ ಬಿಲ್ಲಿನಲ್ಲಿ ಶಕ್ತಿ ಅಡಗಿರುವಂತೆ ಈ ಉಂಗುರದಲ್ಲೂ ಮೋಲ್‌ಗೆ ಸುಮಾರು 27 ಕಿಲೋಕ್ಯಾಲೊರಿ ಬಿಗುವು ಅಡಗಿದೆ. ಜೊತೆಗೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಂಡು ಇಂಗಾಲಗಳನ್ನು ತುಸು ಬಡವಾಗಿಸುತ್ತದೆ. ಎಲೆಕ್ಟ್ರಾನ್ ಕೊಡಬಲ್ಲ ಯಾವುದೇ ಅಣು ಅಥವಾ ಅಯಾನು ಬಂದು ಇಂಗಾಲಕ್ಕೆ ತಗುಲಿದರೆ ಸಾಕು, ಉಂಗುರ ಬಿಚ್ಚಿಕೊಳ್ಳುತ್ತದೆ, ಬಂದದ್ದು ಅಂಟಿಕೊಳ್ಳುತ್ತದೆ.

ಇದೇ ದೊಡ್ಡದಾದ ಐದು ಮೂಲೆಯ ಉಂಗುರವಾದರೆ, ಅಂದರೆ ಟೆಟ್ರಾಹೈಡ್ರೊಫ್ಯೂರಾನ್ ಆದರೆ, ಅಷ್ಟು ಬಿಗುವಿಲ್ಲ. ಪ್ರಯೋಗಾಲಯಗಳಲ್ಲಿ ಅದನ್ನು ದ್ರಾವಕವಾಗಿ ಬಳಸುತ್ತಾರೆ. ಅದೂ ಅದೇ ಇಂಗಾಲ, ಅದೇ ಆಮ್ಲಜನಕ. ವ್ಯತ್ಯಾಸ ಉಂಗುರದ ಅಳತೆಯದು.

ಈ ಬಿಗುವೇ ಎಥಿಲೀನ್ ಆಕ್ಸೈಡ್‌ನ ಉಪಯೋಗ, ಅಪಾಯ ಎರಡಕ್ಕೂ ಮೂಲ. ನೀರು ತಗುಲಿದರೆ ಎಥಿಲೀನ್ ಗ್ಲೈಕಾಲ್ ಆಗುತ್ತದೆ. ಅದರಿಂದ ಪಾಲಿಯೆಸ್ಟರ್ ಬಟ್ಟೆ, ನೀರಿನ ಬಾಟಲಿಯ ಪ್ಲಾಸ್ಟಿಕ್, ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟ್ ತಯಾರಾಗುತ್ತವೆ. ಜಗತ್ತಿನಲ್ಲಿ ತಯಾರಾಗುವ ಎಥಿಲೀನ್ ಆಕ್ಸೈಡ್‌ನ ಬಹುಪಾಲು ಹೋಗುವುದು ಅಲ್ಲಿಗೇ. ಕ್ರಿಮಿಶುದ್ಧಿಗೆ ಬಳಕೆಯಾಗುವುದು ಅದರ ತೀರಾ ಸಣ್ಣ ಪಾಲು.

ಬ್ಯಾಕ್ಟೀರಿಯಾದೊಳಗೆ ಹೊಕ್ಕರೆ ಅದು ಪ್ರೋಟೀನಿನ ಗಂಧಕ, ಸಾರಜನಕಗಳಿಗೂ ಡಿಎನ್‌ಎಗೂ ಅಂಟುತ್ತದೆ. ಡಿಎನ್‌ಎಯಲ್ಲಿ ಅದಕ್ಕೆ ಹೆಚ್ಚಾಗಿ ಸಿಗುವ ಜಾಗ ಅಲ್ಲಿನ ನಾಲ್ಕು ‘ಅಕ್ಷರ’ಗಳಲ್ಲಿ ಒಂದಾದ ಗ್ವಾನೀನ್‌ನ 7ನೇ ಸಾರಜನಕ. ಹೀಗೆ ಅಂಟು ಬಳಿದುಕೊಂಡ ಜೀವಕೋಶ ತನ್ನನ್ನು ತಾನು ನಕಲು ಮಾಡಿಕೊಳ್ಳಲಾರದೆ ಸಾಯುತ್ತದೆ. ಗಟ್ಟಿ ಕವಚದೊಳಗೆ ಅಡಗಿ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಗಳೂ ಇದರಿಂದ ಸಾಯುತ್ತವೆ. ಆದರೆ ಗ್ವಾನೀನ್ ಬ್ಯಾಕ್ಟೀರಿಯಾದಲ್ಲಿರುವಂತೆ ನಮ್ಮಲ್ಲೂ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ಆ ತೀರ್ಮಾನದ ಹಿಂದೆ ಇದ್ದದ್ದು ಗಾಳಿಯಲ್ಲಿ ಇದನ್ನು ಉಸಿರಾಡಿದ ಕಾರ್ಮಿಕರ ಅಧ್ಯಯನ, ಪ್ರಾಣಿಗಳ ಮೇಲಿನ ಪ್ರಯೋಗ ಮತ್ತು ಡಿಎನ್‌ಎಗೆ ಅಂಟುವ ಈ ಗುಣ. ಕೆಲಸದ ಜಾಗದ ಗಾಳಿಯಲ್ಲಿ ಅಮೆರಿಕದ ಮಿತಿ ಎಂಟು ಗಂಟೆಯ ಸರಾಸರಿ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮೂಗಿಗೆ ಅದರ ಸಿಹಿವಾಸನೆ ಗೊತ್ತಾಗುವುದು ನೂರಾರು ಪಿಪಿಎಂ ಆದ ಮೇಲೆ. ಅಂದರೆ ವಾಸನೆ ಬಂದಾಗ ಓಡಬೇಕು ಎಂದುಕೊಂಡಿರುವ ಕೆಲಸಗಾರ ಆಗಲೇ ಮಿತಿಯ ನೂರಾರು ಪಟ್ಟು ಉಸಿರಾಡಿರುತ್ತಾನೆ. ಗಾಳಿಯಲ್ಲಿ ಶೇ 3ರಷ್ಟಿದ್ದರೂ ಹೊತ್ತಿಕೊಳ್ಳುವ ಅನಿಲವಿದು. ಮಸಾಲೆ ತಿನ್ನುವವರ ಬಗ್ಗೆ ಮಾತಾಡುವಷ್ಟು ನಾವು ಈ ಅನಿಲ ತುಂಬುವ ಕೊಠಡಿಯ ಬಾಗಿಲು ತೆರೆಯುವವರ ಬಗ್ಗೆ ಮಾತಾಡುತ್ತಿಲ್ಲ. ಈ ವಿವಾದದಲ್ಲಿ ನನಗೆ ಹೆಚ್ಚು ಬೇಸರ ತರಿಸುವ ಸಂಗತಿ ಅದು.

ಮಸಾಲೆಗೆ ಇದು ಯಾಕೆ ಬೇಕಾಯಿತು

ಮೆಣಸು, ಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಒಣಗುವುದು ನೆಲದ ಮೇಲೆ. ಧೂಳು, ಹಕ್ಕಿಯ ಹಿಕ್ಕೆ, ಇಲಿ, ನಾಯಿ, ಬರಿಗಾಲು ಎಲ್ಲದರ ಸಂಪರ್ಕ ಅಲ್ಲಿದೆ. ಕಣದಲ್ಲಿ ಒಣಗಿದ ಕಾಳುಮೆಣಸಿನ ಒಂದು ಗ್ರಾಂನಲ್ಲಿ ಹತ್ತು ಲಕ್ಷಕ್ಕೂ ಮೀರಿ ಬ್ಯಾಕ್ಟೀರಿಯಾ ಇರುವುದು ಅಸಾಮಾನ್ಯವಲ್ಲ. ನಮ್ಮ ಅಡುಗೆಯಲ್ಲಿ ಮಸಾಲೆ ಕುದಿಯುವುದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ತಯಾರಾದ ಮಾಂಸ, ಚೀಸು, ಚಿಪ್ಸ್ ಮೇಲೆ ಹಸಿಯಾಗಿ ಉದುರಿಸುವ ದೇಶಗಳಲ್ಲಿ ಅದೇ ಮೆಣಸು ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ನೇರ ಹೊಟ್ಟೆಗೆ ಸಾಗಿಸುತ್ತದೆ. 2009–10ರಲ್ಲಿ ಅಮೆರಿಕದಲ್ಲಿ ಸಲಾಮಿ ಎಂಬ ಮಾಂಸದ ತಿನಿಸಿಗೆ ಲೇಪಿಸಿದ್ದ ಕಾಳುಮೆಣಸು ಹಾಗೂ ಮೆಣಸಿನಪುಡಿಯಿಂದ 44 ರಾಜ್ಯಗಳಲ್ಲಿ 270ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 2007–09ರ ಆಮದು ಮಸಾಲೆಗಳನ್ನು ಪರೀಕ್ಷಿಸಿದ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಸುಮಾರು ಶೇ 7ರಷ್ಟು ಸರಕಿನಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತ್ತು.

ಹಾಗಾಗಿ ಕೊಳ್ಳುವವರು ‘ಸಾಲ್ಮೊನೆಲ್ಲಾ ಇಲ್ಲ’ ಎಂಬ ಪ್ರಮಾಣಪತ್ರ ಕೇಳುತ್ತಾರೆ. ಪುಡಿಯನ್ನು ಬಿಸಿ ಮಾಡಿದರೆ ಘಮ ಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ. ತಣ್ಣಗೆ, ಒಣಗಿದ್ದಂತೆಯೇ, ಚೀಲ ಬಿಚ್ಚದೆ ಕೊಲ್ಲುವ ದಾರಿ ಬೇಕಿತ್ತು. ಷಿಕಾಗೋದ ಗ್ರಿಫಿತ್ ಲ್ಯಾಬೊರೇಟರೀಸ್‌ನಲ್ಲಿದ್ದ ಆಹಾರ ರಸಾಯನಜ್ಞ ಲಾಯ್ಡ್ ಹಾಲ್ 1930ರ ದಶಕದಲ್ಲಿ ನಿರ್ವಾತ ಕೊಠಡಿಯಲ್ಲಿ ಎಥಿಲೀನ್ ಆಕ್ಸೈಡ್ ಹಾಯಿಸುವ ವಿಧಾನ ರೂಪಿಸಿದರು. ಆಸ್ಪತ್ರೆಗಳೂ ಮುಂದೆ ಅದೇ ತತ್ವವನ್ನು ಹಿಡಿದವು. ಸಿರಿಂಜಿನ ಹೊದಿಕೆಯ ಮೇಲೆ ‘ಸ್ಟೆರೈಲ್’ ಪದದ ಪಕ್ಕ ಚೌಕದೊಳಗೆ ‘ಇಒ’ ಎಂದು ಮುದ್ರಿಸಿದ್ದರೆ ಅದು ಈ ಅನಿಲದಿಂದ ಶುದ್ಧವಾದದ್ದು ಎಂದರ್ಥ. ಪ್ಲಾಸ್ಟಿಕ್ ಕ್ಯಾಥೆಟರಿಗೆ ಇದಕ್ಕೆ ಸಮನಾದ ಬದಲಿ ಇನ್ನೂ ಸುಲಭವಾಗಿ ಸಿಕ್ಕಿಲ್ಲ. ಮಸಾಲೆಯ ವಿಷಯ ಹಾಗಲ್ಲ, ಅಲ್ಲಿ ಬದಲಿಗಳಿವೆ.

ಒಂದು ವಿಷಯ ಇಲ್ಲೇ ಬಿಡಿಸಿಡಬೇಕು. ಗೋದಾಮಿನಲ್ಲಿ ಹುಳು ಕೊಲ್ಲಲು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಬೇರೆ, ಇಟಿಒ ಅಂದರೆ ಎಥಿಲೀನ್ ಆಕ್ಸೈಡ್ ಬೇರೆ. ಮಾತ್ರೆಯಿಂದ ಹೊರಡುವ ಫಾಸ್ಫೀನ್ ಹುಳುವನ್ನು ಕೊಲ್ಲುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ‘ನಾವು ಗ್ಯಾಸ್ ಕೊಡಿಸಿದ್ದೇವೆ’ ಎಂದು ಪೂರೈಕೆದಾರರು ಹೇಳಿದರೆ ಯಾವ ಗ್ಯಾಸ್ ಎಂದು ಕೇಳಲೇಬೇಕು.

ಕೊಠಡಿಯೊಳಗೆ ಏನಾಗುತ್ತದೆ

ಚೀಲಗಳನ್ನು ಉಕ್ಕಿನ ಕೊಠಡಿಯಲ್ಲಿಟ್ಟು ಗಾಳಿ ಹೊರಗೆಳೆಯುತ್ತಾರೆ. ತುಸು ಆವಿ ಬಿಟ್ಟು ತೇವ ಕೊಡುತ್ತಾರೆ, ಏಕೆಂದರೆ ಪೂರ್ತಿ ಒಣಗಿದ ಬೀಜಕದೊಳಗೆ ಅನಿಲ ಇಳಿಯುವುದಿಲ್ಲ. ಆಮೇಲೆ ಅನಿಲ ಬಿಟ್ಟು ಕೆಲವು ಗಂಟೆ ಹಾಗೇ ಇಟ್ಟು, ಕೊನೆಗೆ ಹೊರಗೆಳೆದು ಮತ್ತೆ ಮತ್ತೆ ಗಾಳಿ ಅಥವಾ ಆವಿಯಿಂದ ತೊಳೆಯುತ್ತಾರೆ. ಇದನ್ನು ಮಸಾಲೆಗೆ ಅನುಮತಿಸಿರುವ ಅಮೆರಿಕದ ನಿಯಮ ಎಷ್ಟು ಬಿಗಿ ಎಂದು ನೋಡಿ: ಒಂದು ಲೀಟರ್ ಜಾಗಕ್ಕೆ 500 ಮಿಲಿಗ್ರಾಂ ಅನಿಲ ಮೀರಬಾರದು, ಆರು ಗಂಟೆ ಮೀರಬಾರದು, ನಂತರ ಕನಿಷ್ಠ 21 ಬಾರಿ ಆವಿ ತುಂಬಿ ಹೊರಗೆಳೆಯಬೇಕು, ಆಗೆಲ್ಲ ಕೊಠಡಿ ಸುಮಾರು 46 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಬಾರದು.

ಇಪ್ಪತ್ತೊಂದು ತೊಳೆತ ಯಾಕೆ? ಎಥಿಲೀನ್ ಆಕ್ಸೈಡ್ 10.7 ಡಿಗ್ರಿಯಲ್ಲೇ ಕುದಿಯುವ ವಸ್ತು, ಬಿಟ್ಟರೆ ತಾನಾಗಿ ಹಾರಿಹೋಗುತ್ತದೆ. ಆದರೆ ಮೆಣಸಿನ ಕಾಳಿನ ಎಣ್ಣೆಯಲ್ಲಿ, ಚೀಲದ ನಡುವಿನ ಪುಡಿಯಲ್ಲಿ ಅದು ಅವಿತಿರುತ್ತದೆ. ಅವಿತಷ್ಟು ಹೊತ್ತೂ ಪ್ರತಿಕ್ರಿಯೆ ನಡೆಯುತ್ತಲೇ ಇರುತ್ತದೆ. ಬೇಗ ತೊಳೆದರೆ ಅನಿಲವಾಗಿ ಹೋಗುತ್ತದೆ. ತಡವಾದರೆ ಬೇರೆ ವಸ್ತುವಾಗಿ ಅಲ್ಲೇ ಕೂರುತ್ತದೆ.

ಆ ಬೇರೆ ವಸ್ತು ಏನು ಎಂಬುದೇ ಈ ಲೇಖನದ ಮುಖ್ಯ ವಿಷಯ. 1859ರಲ್ಲಿ ಫ್ರಾನ್ಸಿನ ಶಾರ್ಲ್ ಅಡಾಲ್ಫ್ ವುರ್ಟ್ಸ್ ಎಥಿಲೀನ್ ಆಕ್ಸೈಡನ್ನು ಮೊದಲ ಬಾರಿ ತಯಾರಿಸಿದ್ದು 2-ಕ್ಲೋರೊಎಥನಾಲ್‌ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹಾಕಿ. ಕ್ಲೋರಿನ್ ಕಳಚಿತು, ತುದಿಗಳು ಕೂಡಿ ಉಂಗುರವಾಯಿತು. ಮಸಾಲೆ ಚೀಲದೊಳಗೆ ನಡೆಯುವುದು ಇದೇ ಪ್ರಯೋಗ, ಹಿಮ್ಮುಖವಾಗಿ. ಗಿಡದ ಅಂಗಾಂಶದಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ. ಅದು ಉಂಗುರದ ಒಂದು ಇಂಗಾಲಕ್ಕೆ ತಗುಲುತ್ತದೆ, ಉಂಗುರ ಬಿಚ್ಚುತ್ತದೆ, ಬಿಡುಗಡೆಯಾದ ಆಮ್ಲಜನಕ ತೇವಾಂಶದಿಂದ ಒಂದು ಹೈಡ್ರೋಜನ್ ಎಳೆದುಕೊಳ್ಳುತ್ತದೆ. ವುರ್ಟ್ಸ್ ಯಾವುದರಿಂದ ಶುರು ಮಾಡಿದರೋ ಆ 2-ಕ್ಲೋರೊಎಥನಾಲ್ ವಾಪಸ್ ಬರುತ್ತದೆ.

ಇದನ್ನು ಕಣ್ಣಾರೆ ತೋರಿಸುವ ಹಳೆಯ ಪರೀಕ್ಷೆಯೊಂದಿದೆ. ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಕ್ಕೆ ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿ ಈ ಅನಿಲ ಹಾಯಿಸಿದರೆ, ಬಣ್ಣವಿಲ್ಲದ ದ್ರಾವಣ ಗುಲಾಬಿಗೆ ತಿರುಗುತ್ತದೆ. ಕ್ಲೋರೈಡ್ ಉಂಗುರಕ್ಕೆ ಸೇರಿಹೋಗಿ ನೀರಿನಲ್ಲಿ ಕ್ಷಾರ ಉಳಿಯುವುದರಿಂದ ಬರುವ ಬಣ್ಣ ಅದು. ಶಾಲೆಯ ಪ್ರಯೋಗದಂತೆ ಕಂಡರೂ ಅನಿಲ ವಿಷಕಾರಿ, ಹಾಗಾಗಿ ತಜ್ಞರ ಪ್ರಯೋಗಾಲಯದಾಚೆ ಮಾಡುವಂಥದ್ದಲ್ಲ.

2-ಕ್ಲೋರೊಎಥನಾಲ್ ಕುದಿಯುವುದು ಸುಮಾರು 128 ಡಿಗ್ರಿಯಲ್ಲಿ. ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಪುಡಿಯ ತೇವಕ್ಕೆ ಹಿಡಿದುಕೊಂಡು ತಿಂಗಳುಗಟ್ಟಲೆ ಇರುತ್ತದೆ. ಅನಿಲ ಹಾರಿಹೋದ ಮೇಲೂ ಹೆಜ್ಜೆಗುರುತು ಉಳಿಯುವುದು ಇದರ ರೂಪದಲ್ಲಿ.

ಎಷ್ಟು ಕ್ಲೋರೈಡ್ ಬೇಕು? ಯುರೋಪಿನ ಮಿತಿಯಾದ ಕಿಲೋಗೆ 0.1 ಮಿಲಿಗ್ರಾಂ ಎಥಿಲೀನ್ ಆಕ್ಸೈಡ್‌ಗೆ ಸಮನಾದಷ್ಟು 2-ಕ್ಲೋರೊಎಥನಾಲ್ ಹುಟ್ಟಲು 0.08 ಮಿಲಿಗ್ರಾಂ ಕ್ಲೋರೈಡ್ ಸಾಕು. ಒಣಗಿದ ಸಸ್ಯದಲ್ಲಿ ಕ್ಲೋರೈಡ್ ಇರುವುದು ಕಿಲೋಗೆ ಗ್ರಾಂಗಳ ಲೆಕ್ಕದಲ್ಲಿ, ಅಂದರೆ ಸಾವಿರಾರು ಪಟ್ಟು ಹೆಚ್ಚು. ಇನ್ನು ಉಪ್ಪು ಬೆರೆಸಿದ ಮಸಾಲೆ ಮಿಶ್ರಣ ನೋಡಿ. ಕಿಲೋಗೆ 100 ಗ್ರಾಂ ಉಪ್ಪಿದ್ದರೆ ಅದರಲ್ಲಿ 60 ಗ್ರಾಂ ಕ್ಲೋರೈಡೇ. ಅಂಥ ಮಿಶ್ರಣಕ್ಕೆ ಇಟಿಒ ಕೊಡಿಸುವುದೆಂದರೆ 2-ಕ್ಲೋರೊಎಥನಾಲ್ ತಯಾರಿಸಲು ಕೂತಂತೆ. ಅನಿಲವನ್ನು ಅನುಮತಿಸಿದ್ದ ಅಮೆರಿಕದ ನಿಯಮವೂ ಉಪ್ಪು ಹಾಕಿದ ಮಿಶ್ರಣವನ್ನು ಹೊರಗಿಟ್ಟದ್ದು ಇದಕ್ಕೇ. ಹೀಗಿದ್ದೂ ಬೇರೆ ಬೇರೆ ಪದಾರ್ಥ ಸೇರಿಸಿ, ಉಪ್ಪು ಹಾಕಿ, ಕೊನೆಗೆ ಒಟ್ಟಾಗಿ ಶುದ್ಧಿ ಮಾಡಿಸುವ ಕ್ರಮ ಎಲ್ಲಾದರೂ ಇದ್ದರೆ ಅದನ್ನು ಇಂದೇ ನಿಲ್ಲಿಸಬೇಕು.

ಒಂದೇ ಚೀಲ, ಬೇರೆ ಬೇರೆ ಲೆಕ್ಕ

ಈಗ ಆರಂಭದ ವರದಿಗೆ ಬರೋಣ. ಯುರೋಪಿನ ಕಾನೂನಿನಲ್ಲಿ ‘ಎಥಿಲೀನ್ ಆಕ್ಸೈಡ್’ ಎಂದರೆ ಎಥಿಲೀನ್ ಆಕ್ಸೈಡ್ ಮತ್ತು 2-ಕ್ಲೋರೊಎಥನಾಲ್ ಎರಡರ ಮೊತ್ತ, ಎಥಿಲೀನ್ ಆಕ್ಸೈಡ್ ರೂಪದಲ್ಲಿ ಹೇಳಿದ್ದು. ಅಣುತೂಕ 44.05ನ್ನು 80.51ರಿಂದ ಭಾಗಿಸಿದರೆ ಬರುವ 0.547 ಎಂಬ ಗುಣಾಂಕದಿಂದ 2-ಕ್ಲೋರೊಎಥನಾಲನ್ನು ಪರಿವರ್ತಿಸಬೇಕು. ಕಿಲೋಗೆ 2 ಮಿಲಿಗ್ರಾಂ ಎಂದರೆ 1.09 ಮಿಲಿಗ್ರಾಂ. ಮಸಾಲೆಗೆ ಮಿತಿ 0.1, ಎಳ್ಳಿಗೆ 0.05.

ಅಮೆರಿಕದಲ್ಲಿ ಇವು ಎರಡು ಬೇರೆ ವಸ್ತುಗಳು. ಒಣ ಮಸಾಲೆಯಲ್ಲಿ ಎಥಿಲೀನ್ ಆಕ್ಸೈಡ್‌ಗೆ 7 ಪಿಪಿಎಂ (ಅಂದರೆ ಕಿಲೋಗೆ 7 ಮಿಲಿಗ್ರಾಂ), 2-ಕ್ಲೋರೊಎಥನಾಲ್‌ಗೆ 940 ಪಿಪಿಎಂ. ಈ 940ನ್ನು ಯುರೋಪಿನ ಲೆಕ್ಕಕ್ಕೆ ಪರಿವರ್ತಿಸಿದರೆ 514. ಅಂದರೆ ಒಂದು ಕಡೆ ಕಾನೂನುಬದ್ಧವಾದದ್ದು ಇನ್ನೊಂದು ಕಡೆಯ ಮಿತಿಯ ಐದು ಸಾವಿರ ಪಟ್ಟು. ಸಿಂಗಪುರ ಮಸಾಲೆ ಶುದ್ಧಿಗೆ ಈ ಅನಿಲಕ್ಕೆ ಅನುಮತಿ ಕೊಟ್ಟು 50 ಪಿಪಿಎಂ ಮಿತಿ ಇಟ್ಟಿದೆ. ಭಾರತದಲ್ಲಿ ಆಹಾರಕ್ಕೆ ಇದರ ಬಳಕೆಗೆ ಅನುಮತಿ ಇಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಇದಕ್ಕೆ ಮಿತಿಯನ್ನೇ ನಿಗದಿ ಮಾಡಿಲ್ಲ.

ಯಾರು ಸರಿ? ಎಥಿಲೀನ್ ಆಕ್ಸೈಡ್ ಬಗ್ಗೆ ವಿಜ್ಞಾನದಲ್ಲಿ ದೊಡ್ಡ ಜಗಳವಿಲ್ಲ, ಅದು ಡಿಎನ್‌ಎಗೆ ನೇರ ಅಂಟುತ್ತದೆ. ಜಗಳವಿರುವುದು 2-ಕ್ಲೋರೊಎಥನಾಲ್ ಬಗ್ಗೆ. ಅದು ವಿಷವೆಂಬುದು ನಿಜ. ಆದರೆ ಬಿಚ್ಚಿದ ಉಂಗುರ ಮತ್ತೆ ಅದೇ ರೀತಿ ಡಿಎನ್‌ಎಗೆ ಅಂಟುತ್ತದೆಯೇ ಎಂಬ ಪ್ರಶ್ನೆ ತೀರ್ಮಾನವಾಗಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಲಭ್ಯ ಮಾಹಿತಿಯಿಂದ ಅದನ್ನು ತಳ್ಳಿಹಾಕಲಾಗದು ಎಂಬ ನಿಲುವಿಗೆ ಬಂತು. ಹಾಗಾಗಿ ಮುನ್ನೆಚ್ಚರಿಕೆಯಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿಡುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಕೂಡಿಸುವ ಯುರೋಪಿನ ಪದ್ಧತಿ ಪತ್ತೆದಾರಿಕೆಗೆ ಸರಿಯಾದದ್ದು: ಅನಿಲ ಬಳಸಿದ್ದಾರೆಯೇ ಎಂಬುದನ್ನು ಹೇಳುವುದು 2-ಕ್ಲೋರೊಎಥನಾಲೇ. ಆದರೆ ‘ಎಷ್ಟು ಅಪಾಯ’ ಎಂಬ ಪ್ರಶ್ನೆಗೆ ಆ ಒಟ್ಟು ಸಂಖ್ಯೆಯನ್ನೇ ಉತ್ತರವಾಗಿಸಿದರೆ ಜನ ಗಾಬರಿಯಾಗುತ್ತಾರೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಎಥಿಲೀನ್ ಆಕ್ಸೈಡ್‌ಗೆ ‘ಕಡಿಮೆ ಆತಂಕದ ಸೇವನೆ’ ಎಂದು ಗುರುತಿಸಿದ್ದು ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.037 ಮೈಕ್ರೊಗ್ರಾಂ. 60 ಕಿಲೋ ತೂಕದವರಿಗೆ ಸುಮಾರು 2.2 ಮೈಕ್ರೊಗ್ರಾಂ. ದಿನಕ್ಕೆ 10 ಗ್ರಾಂ ಮಸಾಲೆ ತಿನ್ನುವ ಮನೆಯಲ್ಲಿ, ಪುಡಿಯಲ್ಲಿ ಯುರೋಪಿನ ಮಿತಿಯಷ್ಟೇ ಇದ್ದರೆ 1 ಮೈಕ್ರೊಗ್ರಾಂ ಹೊಟ್ಟೆಗೆ ಹೋಗುತ್ತದೆ. ಅಮೆರಿಕದ 7 ಪಿಪಿಎಂ ಇದ್ದರೆ 70. ಒಂದು ಚಿಟಿಕೆ ತಿನ್ನುವವರ ಲೆಕ್ಕವೇ ಬೇರೆ, ಮೂರು ಹೊತ್ತು ಸಾರು, ಹುಳಿ, ಪಲ್ಯ, ಚಟ್ನಿಪುಡಿ ತಿನ್ನುವ ನಮ್ಮ ಲೆಕ್ಕವೇ ಬೇರೆ. ಹೊರದೇಶದ ಮಿತಿಗೆ ತಲೆಕೆಡಿಸಿಕೊಳ್ಳುವ ನಾವು ಒಳಗಿನ ಮಾರುಕಟ್ಟೆಯ ಪುಡಿಗೆ ಇನ್ನೂ ಬಿಗಿಯಾಗಿರಬೇಕಾದ ಕಾರಣ ಇದು.

ಎಲ್ಲವೂ 44

ಪ್ರಯೋಗಾಲಯದಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಪುಡಿಯನ್ನು ಅಸಿಟೊನೈಟ್ರೈಲ್‌ನಲ್ಲಿ ಕಲಕಿ, ಆ ದ್ರಾವಕದ ತಿಳಿಯನ್ನು ಘಟಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೊಗ್ರಾಫ್ ಹಾಗೂ ಅದಕ್ಕೆ ಜೋಡಿಸಿದ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಮೂಲಕ ಹಾಯಿಸುತ್ತಾರೆ. ಎಥಿಲೀನ್ ಆಕ್ಸೈಡ್‌ನ ಅಣುತೂಕ 44. ತೊಂದರೆ ಏನೆಂದರೆ ಇಂಗಾಲದ ಡೈಆಕ್ಸೈಡ್ ಕೂಡ 44. ಪುಡಿ ಬಿಸಿಯಾಗಿ ಅನಿಲ ಹಾರದಿರಲಿ ಎಂದು ಡ್ರೈ ಐಸ್ ಹಾಕಿ ಅರೆದರೆ, ಆ ಡ್ರೈ ಐಸೇ ಇಂಗಾಲದ ಡೈಆಕ್ಸೈಡ್. ಇನ್ನೊಂದು ಅಸಿಟಾಲ್ಡಿಹೈಡ್. ಅದೂ 44, ಅಷ್ಟೇ ಅಲ್ಲ, ಅದೇ ಎರಡು ಇಂಗಾಲ, ನಾಲ್ಕು ಹೈಡ್ರೋಜನ್, ಒಂದು ಆಮ್ಲಜನಕ. ಉಂಗುರವಿಲ್ಲದೆ ಬೇರೆ ರೀತಿ ಜೋಡಿಸಿಕೊಂಡಿದೆ ಅಷ್ಟೇ. ಸಸ್ಯವಸ್ತು ಸ್ವಲ್ಪ ಹುದುಗಿದರೂ ಅಸಿಟಾಲ್ಡಿಹೈಡ್ ಹುಟ್ಟುತ್ತದೆ. ಎಷ್ಟೇ ನಿಖರವಾದ ತಕ್ಕಡಿಯೂ ಇವೆರಡನ್ನು ತೂಕದಿಂದ ಬೇರ್ಪಡಿಸಲಾರದು. ಕಾಲಮ್‌ನಲ್ಲಿ (ಕ್ರೊಮಟೊಗ್ರಾಫ್‌ನ ಉದ್ದ ಕೊಳವೆಯಲ್ಲಿ) ಅವು ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ವಿಧಾನ ಹೊಂದಿಸಿಕೊಳ್ಳಬೇಕು. ವರದಿಯಲ್ಲಿ ಎಥಿಲೀನ್ ಆಕ್ಸೈಡ್ ಮಾತ್ರ ಸಿಕ್ಕಿ 2-ಕ್ಲೋರೊಎಥನಾಲ್ ಒಂದಿಷ್ಟೂ ಇಲ್ಲದಿದ್ದರೆ ಅನುಮಾನಪಡಬೇಕಾದದ್ದು ಅಲ್ಲಿ. ನಿಜವಾಗಿ ಅನಿಲ ಕೊಟ್ಟ ಮಸಾಲೆಯಲ್ಲಿ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಅಂಥ ವರದಿ ಬಂದರೆ ಯಂತ್ರ ಬಿಡಿಸಿದ ನಕ್ಷೆಯಾದ ಕ್ರೊಮಟೊಗ್ರಾಮ್ ಕೇಳಿ ಪಡೆಯಿರಿ.

ಹೋಲಿಕೆಗಾಗಿ ಇಡುವ ಎಥಿಲೀನ್ ಆಕ್ಸೈಡ್ ದ್ರಾವಣವೂ ತೊಂದರೆ ಕೊಡುತ್ತದೆ. ಶೀಶೆಯನ್ನು ಕೊಠಡಿಯ ಉಷ್ಣತೆಯಲ್ಲಿ ಪದೇ ಪದೇ ತೆರೆದರೆ ಅದರ ಸಾಂದ್ರತೆ ಇಳಿಯುತ್ತದೆ. ಆಮೇಲೆ ಅದಕ್ಕೆ ಹೋಲಿಸಿ ಅಳೆದ ಮಾದರಿಯಲ್ಲೆಲ್ಲ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮಾದರಿಯನ್ನು ತೆಳು ಪಾಲಿಥೀನ್ ಚೀಲದಲ್ಲಿ ಕಳಿಸುವುದು ಇದರ ಉಲ್ಟಾ ತಪ್ಪು. ಈ ಅನಿಲ ಅಂಥ ಪದರವನ್ನು ತೂರಬಲ್ಲದು, ಹಾಗಾಗಿ ಮಾದರಿಯೊಳಗಿನದು ಅಲ್ಲಿಂದ ಸೋರುತ್ತದೆ. ಗಾಜಿನ ಶೀಶೆ ಅಥವಾ ಅಲ್ಯೂಮಿನಿಯಂ ಪದರದ ಪೊಟ್ಟಣವನ್ನು ತುಂಬಾ ತುಂಬಿಸಿ, ತಣ್ಣಗೆ ಕಳಿಸಬೇಕು. ಮಾದರಿ ತೆಗೆಯುವಾಗ ಬಾಗಿಲ ಬಳಿಯ ಒಂದೆರಡು ಚೀಲದ ಮೇಲಿನ ಪುಡಿ ಸಾಲದು, ಗಾಳಿಯಾಡದ ನಡುವಿನ ಚೀಲಗಳ ಒಳಗಿಂದಲೂ ತೆಗೆಯಬೇಕು.

ತಾವು ಬಳಸದಿದ್ದರೂ ಬರುವುದು ಹೇಗೆ

‘ನಾವು ಇಟಿಒ ಮಾಡಿಸಿಯೇ ಇಲ್ಲ’ ಎನ್ನುವ ತಯಾರಕರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಒಮ್ಮೆಲೇ ಹೇಳಲಾರೆ. ಮಸಾಲೆ ಮಿಶ್ರಣದಲ್ಲಿ ಹತ್ತು ಹದಿನೈದು ಪದಾರ್ಥಗಳಿರುತ್ತವೆ. ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಗಟ್ಟಿ ಮಾಡುವ ಅಂಟು ಬೇರೆ ಬೇರೆ ಕಡೆಯಿಂದ ಬರುತ್ತವೆ. ಕಿಲೋಗೆ 30 ಮಿಲಿಗ್ರಾಂ ಶೇಷವಿರುವ ಬೆಳ್ಳುಳ್ಳಿ ಪುಡಿಯನ್ನು ಮಿಶ್ರಣಕ್ಕೆ ಶೇ 5ರಷ್ಟು ಹಾಕಿದರೆ ಅಂತಿಮ ಪುಡಿಯಲ್ಲಿ 1.5 ಮಿಲಿಗ್ರಾಂ, ಅಂದರೆ ಯುರೋಪಿನ ಮಿತಿಯ ಹದಿನೈದು ಪಟ್ಟು. ಅಮೆರಿಕಕ್ಕೆ ಹೋಗುವ ಇಟಿಒ ಮಾಡಿಸಿದ ಸರಕು, ಯುರೋಪಿಗೆ ಹೋಗುವ ಸರಕು ಒಂದೇ ಗೋದಾಮಿನಲ್ಲಿದ್ದರೆ, ಒಂದೇ ಗಿರಣಿಯಲ್ಲಿ ಸರದಿಯಾಗಿ ಪುಡಿಯಾದರೆ, ಖಾಲಿ ಚೀಲ ಮರುಬಳಕೆಯಾದರೆ ಸಾಕು, ಶೇಷ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. 2024ರ ಘಟನೆಯ ನಂತರ ಸಾಂಬಾರ ಮಂಡಳಿ ರಫ್ತುದಾರರಿಗೆ ಕೊಟ್ಟ ಮಾರ್ಗದರ್ಶನದಲ್ಲಿ ಈ ಅನಿಲವನ್ನೇ ಬಿಡಿ, ಕಚ್ಚಾ ಪದಾರ್ಥದ ಹಂತದಲ್ಲೇ ಪರೀಕ್ಷಿಸಿ, ಬೇರೆಯಾಗಿಯೇ ದಾಸ್ತಾನು ಮಾಡಿ ಎಂದಿದೆ. ಹಾಂಗ್‌ಕಾಂಗ್, ಸಿಂಗಪುರಕ್ಕೆ ಹೋಗುವ ಸರಕಿಗೆ ಕಡ್ಡಾಯ ಪರೀಕ್ಷೆಯನ್ನೂ ತಂದಿತು. ಆದರೆ ಪರೀಕ್ಷೆ ತಡವಾದ ಹಂತದ ಕೆಲಸ. ಪುಡಿಯಾಗಿ, ಬೆರೆತು, ಪೊಟ್ಟಣವಾದ ಮೇಲೆ ಸಿಕ್ಕ ಶೇಷವನ್ನು ತೆಗೆಯಲು ದಾರಿಯೇ ಇಲ್ಲ.

ಮನೆಯಲ್ಲಿ ಹುರಿದರೆ ಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅನಿಲ ಹೋಗುತ್ತದೆ, 2-ಕ್ಲೋರೊಎಥನಾಲ್‌ನಲ್ಲಿ ಒಂದು ಪಾಲು ಹೋಗಬಹುದು. ಹುರಿಯುವುದನ್ನೇ ಶುದ್ಧೀಕರಣವೆಂದು ನೆಚ್ಚಿಕೊಳ್ಳಬಾರದು.

ಆವಿ, ಕಿರಣ ಮತ್ತು ಕಣ

ಬದಲಿಗಳಲ್ಲಿ ಮೊದಲನೆಯದು ಆವಿ. ಒಣ ಬಿಸಿಗೆ ಮೊಂಡು ಹಿಡಿಯುವ ಸಾಲ್ಮೊನೆಲ್ಲಾ ತೇವದ ಬಿಸಿಗೆ ಬೇಗ ಸಾಯುತ್ತದೆ. ತಣ್ಣನೆಯ ಕಾಳಿನ ಮೇಲೆ ಆವಿ ನೀರಾಗುವಾಗ ಗ್ರಾಂಗೆ ಸುಮಾರು 540 ಕ್ಯಾಲೊರಿ ಬಿಡುಗಡೆಯಾಗಿ ಮೇಲ್ಮೈ ಕ್ಷಣದಲ್ಲಿ ನೂರು ಡಿಗ್ರಿ ಮುಟ್ಟುತ್ತದೆ, ಒಳಗಿನ ಎಣ್ಣೆಗೆ ಬಿಸಿ ತಲುಪುವ ಮೊದಲೇ ನಿಲ್ಲಿಸಬಹುದು. ಇಡೀ ಕಾಳುಮೆಣಸಿಗೆ ಇದು ತುಂಬ ಚೆನ್ನಾಗಿ ಒಗ್ಗುತ್ತದೆ. ಕೆಡುವುದು ಮೂರು ಕಡೆ: ಕಾಳನ್ನು ಮೊದಲು ತುಸು ಬೆಚ್ಚಗೆ ಮಾಡದಿದ್ದರೆ ನೀರು ಹೆಚ್ಚು ಕೂತು ಅಂಟಾಗುತ್ತದೆ; ಆವಿಯ ನಂತರ ಒಣಗಿಸುವುದು ತಡವಾದರೆ ಬೂಷ್ಟು ಬರುತ್ತದೆ; ತಣಿಸಲು ಶೋಧಿಸದ ಗಾಳಿ ಹಾಯಿಸಿದರೆ ಸಾಯಿಸಿದ್ದೆಲ್ಲ ವಾಪಸ್ ಬರುತ್ತದೆ. ಪುಡಿಗೆ ಆವಿ ಕೊಟ್ಟರೆ ಮುದ್ದೆಯಾಗುವುದರಿಂದ ಇಡಿಯಾಗಿ ಶುದ್ಧ ಮಾಡಿ ನಂತರ ಪ್ರತ್ಯೇಕ, ಸ್ವಚ್ಛ ಗಿರಣಿಯಲ್ಲಿ ಪುಡಿ ಮಾಡಬೇಕು.

ಬ್ಯಾಡಗಿ ಮೆಣಸಿನಕಾಯಿಗೆ ಇಲ್ಲೊಂದು ಇಕ್ಕಟ್ಟಿದೆ. ಅದರ ಬೆಲೆ ನಿಂತಿರುವುದೇ ಕಡುಗೆಂಪು ಬಣ್ಣದ ಮೇಲೆ, ಖಾರದ ಮೇಲಲ್ಲ. ಆವಿ ಅಳತೆ ತಪ್ಪಿದರೆ ಬಣ್ಣ ಕಂದಾಗುತ್ತದೆ, ಕ್ವಿಂಟಲ್‌ನ ಬೆಲೆ ಇಳಿಯುತ್ತದೆ. ತಣ್ಣನೆಯ ಅನಿಲದ ಆಸೆ ಹುಟ್ಟುವುದು ಅಲ್ಲಿ. ಇಂಥ ಸರಕಿಗೆ ಗಾಮಾ ಕಿರಣ ಹೆಚ್ಚು ಸೂಕ್ತ. ನಮ್ಮ ದೇಶದಲ್ಲಿ ಮಸಾಲೆಗೆ 6ರಿಂದ 14 ಕಿಲೋಗ್ರೇವರೆಗೆ (ವಸ್ತು ಹೀರಿಕೊಂಡ ಕಿರಣದ ಅಳತೆ ಇದು) ಅನುಮತಿ ಇದೆ, ಯುರೋಪಿನಲ್ಲಿ ಸರಾಸರಿ 10 ಮೀರಬಾರದು. ನವಿ ಮುಂಬೈನ ವಾಶಿಯಲ್ಲಿ 2000ದಿಂದ ಮಸಾಲೆಗಾಗಿಯೇ ಇಂಥ ಸರ್ಕಾರಿ ಸ್ಥಾವರ ನಡೆಯುತ್ತಿದೆ, ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಗಾಮಾ ಕೇಂದ್ರವಿದೆ. ಗಾಮಾ ಕಿರಣದ ಮೂಲವಾದ ಕೋಬಾಲ್ಟ್-60ರ ಕಿರಣ ಹಾಯ್ದ ಮಾತ್ರಕ್ಕೆ ಪುಡಿ ವಿಕಿರಣಶೀಲವಾಗುವುದಿಲ್ಲ. ಆದರೆ ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕು, ಆ ಗುರುತು ಕಂಡರೆ ಹಿಂದೆ ಸರಿಯುವ ಕೊಳ್ಳುಗರು ಯುರೋಪಿನಲ್ಲಿ ಬಹಳ. ಕೊಳ್ಳುಗರ ಈ ಹಿಂಜರಿಕೆಯ ಬೆಲೆಯನ್ನು ಕೊನೆಗೆ ತೆರುತ್ತಿರುವುದು ಅನಿಲದ ಕೊಠಡಿಯ ಕೆಲಸಗಾರ.

ಎಲ್ಲಕ್ಕಿಂತ ಅಗ್ಗದ ದಾರಿ ಕೊಯ್ಲಿನ ಅಂಗಳದಲ್ಲಿದೆ. ಮೆಣಸಿನಕಾಯಿಯನ್ನು ಮಣ್ಣಿನ ಮೇಲೆ ಹರಡದೆ ಸಿಮೆಂಟ್ ಕಣ ಅಥವಾ ಟಾರ್ಪಾಲಿನ ಮೇಲೆ ಹರಡಿ, ಸಂಜೆ ರಾಶಿ ಮಾಡಿ ಮುಚ್ಚಿ, ತೇವಾಂಶ ಶೇ 10–11ಕ್ಕೆ ಇಳಿಸಬೇಕು. ಚೀಲಕ್ಕೆ ತುಂಬುವಾಗ ಕಾಯಿ ಮುರಿಯದಿರಲಿ ಎಂದು ನೀರು ಚಿಮುಕಿಸುವ ರೂಢಿ ಬೂಷ್ಟನ್ನೂ ಅದರ ವಿಷವಾದ ಅಫ್ಲಾಟಾಕ್ಸಿನನ್ನೂ ಒಟ್ಟಿಗೇ ಕರೆತರುತ್ತದೆ. ಅನಿಲ, ಆವಿ, ಕಿರಣ ಮೂರರಿಂದಲೂ ಆ ವಿಷ ಹೋಗುವುದಿಲ್ಲ.

ಕರಾವಳಿಯವರು ಒಳ್ಳೆಮೆಣಸು ಎನ್ನುವ ಕಾಳುಮೆಣಸನ್ನು ದೇಶದಲ್ಲೇ ಹೆಚ್ಚು ಬೆಳೆಯುವುದು ಈಗ ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಸಂಶೋಧನಾ ಸಂಸ್ಥೆಗಳು ಬಹುಕಾಲದಿಂದ ಹೇಳುತ್ತ ಬಂದ ಕ್ರಮ ಒಂದಿದೆ. ಗೊಂಚಲಿನಿಂದ ಬಿಡಿಸಿದ ಹಸಿಕಾಳನ್ನು ತೂತಿರುವ ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಮೇಲ್ಮೈಯ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ, ಸಿಪ್ಪೆ ಸಮನಾಗಿ ಕಪ್ಪಾಗುತ್ತದೆ, ಒಣಗಲು ಬೇಕಾದ ದಿನಗಳೂ ಕಡಿಮೆಯಾಗುತ್ತವೆ. ಒಂದು ನಿಮಿಷ ಮೀರಿ ಬಿಟ್ಟರೆ ಎಣ್ಣೆಯ ಅಂಶ ಹೋಗುತ್ತದೆ. ಅದೇ ನೀರನ್ನು ಇಡೀ ದಿನ ಬದಲಿಸದೆ ಬಳಸಿದರೆ, ಅಥವಾ ಕುದಿ ನಿಂತ ಮೇಲೂ ಬುಟ್ಟಿ ಇಳಿಸಿದರೆ, ಮೊದಲ ಬುಟ್ಟಿಯ ಕೊಳೆ ಕೊನೆಯ ಬುಟ್ಟಿಗೆ ಅಂಟುತ್ತದೆ. ಬುಟ್ಟಿ ಇಳಿದಾಗ ನೀರಿನ ಕುದಿ ಅಡಗುತ್ತದೆ. ಮತ್ತೆ ಕುದಿ ಎದ್ದ ಮೇಲೆ ನಿಮಿಷ ಎಣಿಸಲು ಶುರು ಮಾಡಬೇಕು.